ಗಿಣ್ಣು ತಿಂದ ಕಂಡಕ್ಟ್ರಮ್ಮ

ಬೆಂಗಳೂರು ಬಿಟ್ಟು ಬಂದ ಮೊದಲ ವಾರದಲ್ಲೇ ನಾನು ಮೂರು ಸಲ ಜಗಳವಾಡಿದೆ. ಮೂರೂ ಬಸ್ಸಿನಲ್ಲಿ. ಮೂರರಲ್ಲೂ ನ್ಯಾಯ ನನ್ನ ಕಡೆಗೇ ಇತ್ತು, ಮೂರರಲ್ಲೂ ಸೋತೆ.

ಮೊದಲನೆಯದು ನಮ್ಮ ಡ್ರೈವರ್ ಜೊತೆ. ಕಡೂರಿನಿಂದ ಹೊರಟು ಬೀರೂರು, ಅಜ್ಜಂಪುರದ ಮೇಲೆ ತರೀಕೆರೆಗೆ ಹೋಗುವ ಬಸ್ಸು ನಮ್ಮದು. ಅಜ್ಜಂಪುರಕ್ಕೆ ಇನ್ನೂ ಎರಡು ಮೈಲಿ ಇರುವಾಗ ಅವರು ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿದರು. ಅಲ್ಲಿ ಸ್ಟಾಪಿಲ್ಲ, ಬೋರ್ಡಿಲ್ಲ. ಹೊಲದಲ್ಲಿದ್ದ ಒಬ್ಬ ಹೆಂಗಸು ಬಸ್ಸಿಗೆ ಕೈ ತೋರಿಸಿ, ಆಮೇಲೆ ನಿಧಾನಕ್ಕೆ ಬಗ್ಗಿ ಈರುಳ್ಳಿ ಚೀಲದ ಬಾಯಿ ಹೊಲಿಯತೊಡಗಿದಳು. ನಾವು ನಲವತ್ತು ಜನ ಅವಳು ಹೊಲಿಯುವುದನ್ನು ನೋಡುತ್ತ ಕೂತೆವು. ನಾನು ಸಿಟ್ಟಿನಿಂದ ಎರಡು ಸಲ ಸೀಟಿ ಊದಿದೆ.

"ಊದಮ್ಮ, ಊದು. ನೀನ್ ಊದುದ್ರೆ ಅವ್ಳ ಸೂಜಿ ಜೋರಾಗಿ ಓಡ್ತದಾ?" ಎಂದು ಡ್ರೈವರಣ್ಣ ಸ್ಟೀರಿಂಗ್ ಮೇಲೆ ಕೈ ಕಟ್ಟಿಕೊಂಡರು. ಅವರು ಲಿಂಗದಹಳ್ಳಿ ಕಡೆಯವರು, ರಿಟೈರ್ ಆಗುವುದಕ್ಕೆ ಎರಡು ವರ್ಷ ಬಾಕಿ. ಅವರಿಗೆ ಅವಸರ ಎಂಬುದು ಒಂದು ಕಾಯಿಲೆಯ ಹೆಸರು.

ಎರಡನೆಯದು ಮುಂದಿನ ಸೀಟಿನ ಯಜಮಾನರೊಬ್ಬರ ಜೊತೆ. ಅವರು ಟಿಕೆಟ್ ಇಸಕೊಳ್ಳುವುದಕ್ಕಿಂತ ಮುಂಚೆ ಯಾವೂರು, ಯಾರ ಪೈಕಿ, ಮಕ್ಕಳೆಷ್ಟು, ಗಂಡ ಏನು ಮಾಡ್ತಾರೆ ಎಂದು ನನ್ನ ಪೂರ್ತಿ ಜಾತಕ ಕೇಳಿದರು. "ನಿಮಗೆ ಎಲ್ಲಿಗೆ ಬೇಕು ಅದನ್ನು ಹೇಳಿ" ಎಂದೆ. ಬಸ್ಸಿಗೆ ಬಸ್ಸೇ ನನ್ನನ್ನು ತಿರುಗಿ ನೋಡಿತು, ನಾನೇ ಅವರ ಮರ್ಯಾದೆ ತೆಗೆದವಳ ಹಾಗೆ.

ಮೂರನೆಯದು ಡಬ್ಬಿಗಳ ಜಗಳ. ಆ ದಾರಿಯಲ್ಲಿ ಜನ ಮಾತ್ರ ಪ್ರಯಾಣ ಮಾಡುವುದಿಲ್ಲ. ಕಾಲೇಜಿಗೆ ಹೋದ ಮಗಳ ಊಟದ ಡಬ್ಬಿ, ಕೆಟ್ಟ ಪಂಪ್‌ಸೆಟ್ಟಿನ ಬೇರಿಂಗು, ಬೀಗರ ಮನೆಯಲ್ಲಿ ಮರೆತು ಬಂದ ಕನ್ನಡಕ, ಎಲ್ಲವೂ ಬಸ್ಸು ಹತ್ತುತ್ತವೆ, ಒಡೆಯರಿಲ್ಲದೆ. "ಬೀರೂರಲ್ಲಿ ನಮ್ಮ ಭಾವ ನಿಂತಿರ್ತಾನೆ, ಕೊಟ್ಬಿಡಿ" ಅಂದರೆ ಮುಗಿಯಿತು. ಲಗೇಜಿನ ಜೊತೆ ಆಳಿರಬೇಕು ಎಂದು ನಾನು ರೂಲ್ಸು ಹೇಳಿ ಒಂದು ಚೀಲವನ್ನು ಕೆಳಗಿಳಿಸಿದೆ. ಡ್ರೈವರಣ್ಣ ಇಳಿದು ಹೋಗಿ ಅದನ್ನು ತಂದು ತಮ್ಮ ಕಾಲ ಹತ್ತಿರ ಇಟ್ಟುಕೊಂಡರು.

ಹದಿನಾಲ್ಕು ವರ್ಷ ನಾನು ಮೆಜೆಸ್ಟಿಕ್ಕಿನಿಂದ ಕೆಂಗೇರಿ ಕಡೆಗೆ ಕಂಡಕ್ಟರ್ ಆಗಿದ್ದವಳು. ನನ್ನ ಗಂಡ ಕಡೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಅಷ್ಟೂ ವರ್ಷ ಅವರು ಶನಿವಾರ ರೈಲಿನಲ್ಲಿ ಬಂದು ಸೋಮವಾರ ಬೆಳಗಿನ ಜಾವ ಹೋಗುತ್ತಿದ್ದರು. ಮಗಳು ಕಾಲೇಜು ಸೇರಿ ಮೈಸೂರಿನ ಹಾಸ್ಟೆಲಿಗೆ ಹೋದ ವರ್ಷ, ಇನ್ನಾದರೂ ಗಂಡ ಹೆಂಡತಿ ಒಂದು ಸೂರಿನ ಕೆಳಗೆ ಇರೋಣ ಎಂದು ನಾನೇ ವರ್ಗಾವಣೆ ಕೇಳಿದೆ. ಸಿಕ್ಕಿತು. ಡಿಪೊದ ಹೆಂಗಸರೆಲ್ಲ ಪುಣ್ಯವಂತೆ ಎಂದರು. ಬೀರೂರಿನಲ್ಲಿ ಮನೆ ಮಾಡಿದೆವು, ಸ್ಟೇಷನ್ನಿಗೆ ಕೂಗಳತೆಯಲ್ಲಿ.

ಅದೇ ತಪ್ಪಾಯಿತು. ಬೆಂಗಳೂರಿಗೆ ಹೋಗುವ ಒಂದೊಂದು ರೈಲೂ ನನ್ನ ಅಡುಗೆಮನೆಯ ಪಾತ್ರೆ ಅಲ್ಲಾಡಿಸಿ ಹೋಗುತ್ತಿತ್ತು. ಯಾವುದು ಎಷ್ಟು ಹೊತ್ತಿಗೆ, ಯಾವುದು ಇವತ್ತು ತಡ ಎಂದು ಸ್ಟೇಷನ್ ಮಾಸ್ಟರಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ಡ್ಯೂಟಿ ಮುಗಿಸಿ ಬಂದರೆ ಕೂರಲು ಆಗುತ್ತಿರಲಿಲ್ಲ. ಮುಂಬಾಗಿಲಿನಿಂದ ಹಿತ್ತಲು, ಹಿತ್ತಲಿನಿಂದ ಮುಂಬಾಗಿಲು. ಕಿಕ್ಕಿರಿದ ಬಸ್ಸಿನಲ್ಲಿ ಮೊಣಕೈ ಆಡಿಸಿ ದಾರಿ ಮಾಡಿಕೊಂಡ ಮೈ ಇದು, ಇಲ್ಲಿ ಅದಕ್ಕೆ ತಳ್ಳಲು ಏನೂ ಸಿಗುತ್ತಿರಲಿಲ್ಲ. "ಸ್ವಲ್ಪ ಕೂತ್ಕೊಳೆ, ನಿನ್ನ ನೋಡಿ ನನಗೆ ತಲೆ ತಿರುಗುತ್ತೆ" ಎಂದು ಗಂಡ ಹಿತ್ತಲಲ್ಲಿ ಬದನೆ ಗಿಡದ ಬುಡ ಕೆದಕುತ್ತ ನಗುತ್ತಿದ್ದರು. ಆ ಮನುಷ್ಯ ಅಷ್ಟು ನೆಮ್ಮದಿಯಾಗಿರುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು.

ಆರು ತಿಂಗಳು ತಡೆದೆ. ಆಮೇಲೆ ನೌಕರರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಹಾಕಿದೆ: ಬೆಂಗಳೂರಿನಿಂದ ಕಡೂರು ಕಡೆಗೆ ಬರಲು ಇಷ್ಟವಿರುವವರು ತಿಳಿಸಿ, ಮ್ಯೂಚುಯಲ್ ಮಾಡಿಕೊಳ್ಳೋಣ. ಮ್ಯೂಚುಯಲ್ ಎಂದರೆ ಅದಲು ಬದಲು, ನನ್ನ ಜಾಗಕ್ಕೆ ಅವರು, ಅವರ ಜಾಗಕ್ಕೆ ನಾನು. ಹಾಕಿದ ಮೇಲೆ ಗಂಡನಿಗೆ ಹೇಳಿದೆ. ಅವರು, "ನಿನಗೆ ಹೇಗೆ ಸರಿ ಅನ್ನಿಸುತ್ತೋ ಹಾಗೆ ಮಾಡು" ಎಂದರು. ಒಂದು ಮಾತು ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

ಇನ್ನು ಗಿಣ್ಣಿನ ವಿಷಯಕ್ಕೆ ಬರುತ್ತೇನೆ.

ಅಜ್ಜಂಪುರ ದಾಟಿ ತರೀಕೆರೆ ದಾರಿಯಲ್ಲಿ ಒಂದು ಹಳ್ಳಿ. ರಸ್ತೆಯಂಚಿಗೆ ಒಂದು ಟೀ ಅಂಗಡಿ, ಅದೇ ಸ್ಟಾಪು. ಒಂದು ಬೆಳಿಗ್ಗೆ ಅಲ್ಲಿ ನನ್ನ ವಾರಿಗೆಯ ಹೆಂಗಸೊಬ್ಬರು ಮುಂದಿನ ಬಾಗಿಲು ಬಿಟ್ಟು, ನಾನಿದ್ದ ಹಿಂದಿನ ಬಾಗಿಲಿಗೆ ಬಂದರು. ಹಣೆಯ ಮೇಲೆ ವಿಭೂತಿ, ಸೆರಗಿನ ಕೆಳಗೆ ಬಿಳಿ ಬಟ್ಟೆಯಲ್ಲಿ ಬಿಗಿದ ಸ್ಟೀಲ್ ಡಬ್ಬಿ. ಬೆಚ್ಚಗಿತ್ತು.

"ಕಂಡಕ್ಟ್ರಮ್ಮ, ಗಿಣ್ಣು ಐತೆ. ತರೀಕೆರೆ ಸ್ಟ್ಯಾಂಡ್ನಾಗೆ ಒಬ್ಳು ಹಸುಗೂಸು ಎತ್ಕಂಡು ಬತ್ತಾಳೆ, ಕೊಟ್ಬಿಡಿ. ಡ್ರೈವರಿಗೆ ಹೇಳ್ಬ್ಯಾಡಿ."

ನಾನು ರೂಲ್ಸು ತೆಗೆಯುವುದಕ್ಕಿಂತ ಮುಂಚೆ ಡಬ್ಬಿ ನನ್ನ ಕೈಯಲ್ಲಿತ್ತು, ಅವರು ರಸ್ತೆಯ ಆಚೆ ಇದ್ದರು.

ತರೀಕೆರೆಯಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. ಕೂಸು ಎತ್ತಿಕೊಂಡವರು ಯಾರೂ ಕಾಣಲಿಲ್ಲ. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಬೆಂಗಳೂರಿನಿಂದ ಒಬ್ಬ ಕಂಡಕ್ಟರ್. "ಅಕ್ಕಾ, ನಂದು ಅಜ್ಜಂಪುರ ಕಡೆ. ಹೆಂಡ್ತಿ ಮಕ್ಳು ಊರಾಗವ್ರೆ, ನಾನು ಇಲ್ಲಿ ರೂಮಲ್ಲಿ. ನಿಮ್ ಮೆಸೇಜ್ ನೋಡಿ ದೇವ್ರು ಕಣ್ಬಿಟ್ಟ ಅನ್ಸ್ತು." ನನಗಂತೂ ಕಾಲು ನೆಲಕ್ಕೆ ತಾಗಲಿಲ್ಲ. ಮಾತು ಮುಗಿಯುವ ಹೊತ್ತಿಗೆ ಹೊರಡುವ ಸಮಯವಾಗಿತ್ತು. ಸೀಟಿ ಊದಿದೆ. "ಇರಮ್ಮ, ಯಾರ್ಗೋ ಕಾಯ್ತಿದ್ದಂಗಿತ್ತು, ಒಂದ್ ಐದ್ ನಿಮ್ಷ ನೋಡಾನ" ಎಂದರು ಡ್ರೈವರಣ್ಣ. "ಟೈಮು ಅಂದರೆ ಟೈಮು" ಎಂದೆ. ಆ ಬಸ್ಸು ಸರಿಯಾದ ಸಮಯಕ್ಕೆ ತರೀಕೆರೆ ಬಿಟ್ಟಿದ್ದು ಅವತ್ತೊಂದೇ ದಿನ ಇರಬೇಕು.

ಸಿಟಿಯಲ್ಲಿ ವಾರಸುದಾರರಿಲ್ಲದ ಸಾಮಾನು ಸಿಕ್ಕರೆ ಡಿಪೊಗೆ ಕೊಡಬೇಕು. ಕೊಟ್ಟೆ. ಅಲ್ಲಿದ್ದವರು ಬಟ್ಟೆ ಬಿಚ್ಚಿ ಮುಚ್ಚಳ ತೆಗೆದರು. ಬೆಲ್ಲ ಹಾಕಿ ಹಬೆಯಲ್ಲಿ ಬೇಯಿಸಿದ ಗಿಣ್ಣು, ಮೇಲೆ ಏಲಕ್ಕಿ ಪುಡಿ, ಬದಿಯಲ್ಲಿ ಒಂದು ಚೂರೂ ಕೀಳದೆ ಗಟ್ಟಿಯಾಗಿ ಕೂತಿತ್ತು. ನಾಳೆಯವರೆಗೆ ಇಟ್ಟರೆ ಹುಳಿ ಬರುತ್ತದೆ, ಇದನ್ನು ರಿಜಿಸ್ಟರಿನಲ್ಲಿ ಏನೆಂದು ಬರೆಯೋಣ ಎಂದು ನಕ್ಕು ಚಾಕುವಿನಲ್ಲಿ ಹೋಳು ಮಾಡಿದರು. ನಾನೂ ಒಂದು ಹೋಳು ತಿಂದೆ. ಹೋಳು ದೊಡ್ಡದೇ ಇತ್ತು. ಬೆಂಗಳೂರಿನಲ್ಲಿ ಹುಟ್ಟಿದ ನಾನು ಅಂಥ ಗಿಣ್ಣು ಜನ್ಮದಲ್ಲಿ ತಿಂದಿರಲಿಲ್ಲ.

ಮಾರನೆಯ ದಿನ ಆ ಹೆಂಗಸು ಅದೇ ಜಾಗದಲ್ಲಿ ನಿಂತಿದ್ದರು. "ಕೊಟ್ರಾ?" ಎಂದರು. ನಾನು ತೊಳೆದ ಡಬ್ಬಿ ವಾಪಸ್ ಕೊಟ್ಟು, "ಕೊಟ್ಟೆ" ಎಂದೆ. ಯಾಕೆ ಸುಳ್ಳು ಹೇಳಿದೆನೋ! ಬಸ್ಸು ಹೊರಡುವ ಅವಸರ, ಜೊತೆಗೆ ಅವರ ಮುಖ. ಅವರು ಡಬ್ಬಿಯೊಳಗೆ ಒಂದು ಸಲ ಇಣುಕಿ ನೋಡಿ ಸೆರಗಿನಲ್ಲಿ ಮುಚ್ಚಿಕೊಂಡರು.

ತರೀಕೆರೆಯಲ್ಲಿ ಬಸ್ಸು ನಿಲ್ಲುತ್ತಿದ್ದ ಹಾಗೇ, ಎರಡು ತಿಂಗಳ ಕೂಸನ್ನು ಹೆಗಲಿಗೆ ಹಾಕಿಕೊಂಡ ಹುಡುಗಿ ಎದುರಿಗೆ ಬಂದಳು. ಅವಳ ಚಪ್ಪಲಿ ಧೂಳಾಗಿತ್ತು, ಓಡಿ ಬಂದಿದ್ದಳು.

"ಮೇಡಮ್, ನೆನ್ನೆ ನಮ್ಮಮ್ಮ ಗಿಣ್ಣು ಕಳ್ಸಿದ್ರು. ಮಗು ಕಕ್ಕ ಮಾಡ್ಕಂತು, ತೊಳೆದು ಬರೋ ಅಷ್ಟ್ರಲ್ಲಿ ಬಸ್ ಹೋಗಿತ್ತು."

ಅವಳ ಕಥೆಯನ್ನು ಅವಳೇ ನಿಂತ ಕಾಲಿನಲ್ಲಿ ಹೇಳಿದಳು. ಅವರದು ಲಿಂಗ ಕಟ್ಟುವ ಮನೆ. ಇವಳು ಪ್ರೀತಿಸಿ ಮದುವೆಯಾದ ಹುಡುಗನ ಮನೆಯ ಗೋಡೆಯ ಮೇಲೆ ಬುದ್ಧನ ಪಟ. ಈ ಮನೆಯಲ್ಲಿ ಅವಳ ಹೆಸರು ಎತ್ತಬಾರದು ಎಂದು ಅಪ್ಪ ಹೇಳಿ ನಾಲ್ಕು ವರ್ಷವಾಯಿತು, ಯಾರೂ ಎತ್ತಿಲ್ಲ. ಮನೆಯಲ್ಲಿ ಇರುವುದು ಅಪ್ಪನ ಫೋನು ಒಂದೇ. ಮೊನ್ನೆ ಹಸು ಕರು ಹಾಕಿದಾಗ ಅಮ್ಮ ಊರಿನ ಆಶಾ ಕಾರ್ಯಕರ್ತೆಯ ಫೋನಿನಿಂದ ಎರಡೇ ಎರಡು ಮಾತಾಡಿದರು: ಗಿಣ್ಣು ಕಳಿಸ್ತೀನಿ, ಬಂದು ಇಸ್ಕೋ.

ಹಸು ಕರು ಹಾಕಿದರೆ ಗಿಣ್ಣು ತಮ್ಮವರಿಗೆಲ್ಲ ಹೋಗಬೇಕು ಎಂಬುದು ಆ ಕಡೆಯ ಪದ್ಧತಿ. ಯಾರ ಮನೆಗೆ ಬಂತೋ ಅವರು ನಮ್ಮವರು. ನಾಲ್ಕು ವರ್ಷದ ಮೇಲೆ ಒಬ್ಬ ತಾಯಿ ಮಗಳಿಗೆ ನೀನು ನಮ್ಮವಳೇ ಎಂದು ಹೇಳಿ ಕಳಿಸಿದ್ದನ್ನು ನಾವು ಡಿಪೊದಲ್ಲಿ ಏಳು ಜನ ತಿಂದು ಕೈ ತೊಳೆದಿದ್ದೆವು.

ಅವಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಯುತ್ತಾಳೆ, ಬೈಯಲಿ ಎಂದು ನಿಂತೆ. ಅವಳು ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು.

"ನೀವು ತಿಂದ್ರಾ?"

"ತಿಂದೆ ಕಣಮ್ಮ."

"ಹೆಂಗಿತ್ತು? ಏಲಕ್ಕಿ ಜಾಸ್ತಿ ಹಾಕಿದ್ಲಾ? ಯಾವಾಗ್ಲೂ ಜಾಸ್ತಿ ಹಾಕ್ತಾಳೆ."

ಜಾಸ್ತಿಯಾಗಿತ್ತು ಎಂದೆ. ಅವಳು ತಲೆಯಾಡಿಸಿ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ನಾನು ಬಸ್ಸಿನ ಹಿಂದೆ ಹೋಗಿ ನಿಂತು ಅತ್ತೆ. ಇಪ್ಪತ್ತು ನಿಮಿಷ ತಡವಾಗಿ ಹೊರಟೆವು, ಡ್ರೈವರಣ್ಣ ಅಷ್ಟೊತ್ತೂ ಸ್ಟೀರಿಂಗ್ ಮೇಲೆ ಕೈ ಕಟ್ಟಿಕೊಂಡು ಕಾದರು.

ಮರುದಿನ ತಾಯಿಗೂ ನಿಜ ಹೇಳಿದೆ. ಅವರು ಮುಖ ಸಣ್ಣದು ಮಾಡಿಕೊಂಡು, "ಹೋಗ್ಲಿ ಬಿಡಿ. ಇನ್ನೂ ಹಾಲು ಗಟ್ಟಿ ಐತೆ, ನಾಳೀಕೆ ಮಾಡ್ಕೊಡ್ತೀನಿ. ಈ ಸಲ ತಿನ್ಬ್ಯಾಡಿ" ಎಂದರು. ನನಗೇ ಯಾಕೆ ಕೊಟ್ಟಿರಿ, ಬೇರೆ ಬಸ್ಸುಗಳಿಲ್ಲವೇ ಎಂದು ಕೇಳಿದೆ. "ಬ್ಯಾರೆ ಕಂಡಕ್ಟ್ರೆಲ್ಲ ಈ ಕಡೆಯೋರೇ. ಒಬ್ರಲ್ಲ ಒಬ್ರು ನಮ್ಮೆಜಮಾನ್ರಿಗೆ ಗೊತ್ತು. ನೀವು ಯಾರ ಪೈಕೀನೂ ಅಲ್ಲ." ಬಂದ ದಿನದಿಂದ ನನ್ನನ್ನು ಚುಚ್ಚುತ್ತಿದ್ದ ಮಾತು ಅದೇ. ಅವರ ಬಾಯಲ್ಲಿ ಅದು ಹೊಗಳಿಕೆಯಾಗಿತ್ತು.

ಹೀಗೆ ನನ್ನ ಬಸ್ಸು ಅವರಿಬ್ಬರ ದಾರಿಯಾಯಿತು. ಆ ಕಡೆಯಿಂದ ಬಜೆ ಬೇರು, ಕಾಡಿಗೆ ಡಬ್ಬಿ, ರಾಗಿ ಸರಿ ಹಿಟ್ಟು, ಹಳೆಯ ಸೀರೆ ಮಡಿಸಿ ಹೊಲಿದ ಕೌದಿ. ಈ ಕಡೆಯಿಂದ ಕೂಸಿನ ಫೋಟೊ. ತರೀಕೆರೆಯಲ್ಲಿ ನನ್ನ ಫೋನಿನಲ್ಲಿ ತೆಗೆದದ್ದನ್ನು ಮಾರನೆಯ ದಿನ ಟೀ ಅಂಗಡಿಯ ಸ್ಟಾಪಿನಲ್ಲಿ, ಜನ ಹತ್ತಿ ಇಳಿಯುವ ಅರ್ಧ ನಿಮಿಷದಲ್ಲಿ, ಅವರು ಬಾಗಿಲಿನ ಕಂಬಿ ಹಿಡಿದು ನೋಡುತ್ತಿದ್ದರು. ಕೂಸು ಬೋರಲಾದದ್ದನ್ನು, ಹಲ್ಲು ಬಂದದ್ದನ್ನು ಅಜ್ಜಿ ನೋಡಿದ್ದು ಹಾಗೆ. ನೋಡುವಾಗ ಟೀ ಅಂಗಡಿಯ ಕಡೆಗೆ ಬೆನ್ನು ಹಾಕಿರುತ್ತಿದ್ದರು, ಅವರ ಯಜಮಾನರು ದಿನಾ ಬೆಳಿಗ್ಗೆ ಅಲ್ಲೇ ಬೆಂಚಿನ ಮೇಲೆ ಕೂತಿರುತ್ತಿದ್ದರು. ಹಬ್ಬಕ್ಕೋ ಆಸ್ಪತ್ರೆಗೋ ತಾಯಿ ಬಸ್ಸು ಹತ್ತಿದರೂ ಅಜ್ಜಂಪುರದ ಕಡೆಗೇ ಹೊರತು ತರೀಕೆರೆಯ ಕಡೆಗೆ ಹತ್ತಿದವರಲ್ಲ. ಹೆಂಗಸರಿಗೆ ಟಿಕೆಟ್ ಫ್ರೀ ಆಗಿದ್ದರೂ ಅಷ್ಟೇ. ಬಸ್ಸಿನಲ್ಲಿ ಅರ್ಧ ಜನ ಅವರ ಊರಿನವರೇ ಇರುತ್ತಿದ್ದರು.

ಇದರಿಂದ ನನಗೆ ಊರು ಹಿಡಿಸಿತು ಎಂದು ತಿಳಿಯಬೇಡಿ. ಆ ಅರ್ಧ ನಿಮಿಷ ಬಿಟ್ಟರೆ ಉಳಿದ ದಿನವೆಲ್ಲ ಅದೇ ಚಡಪಡಿಕೆ. ಡ್ಯೂಟಿ ಇಲ್ಲದ ದಿನ ಎರಡು ಸಲ ಸುಮ್ಮನೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಮೆಜೆಸ್ಟಿಕ್ಕಿನಲ್ಲಿ ಒಂದು ಗಂಟೆ ನಿಂತು ವಾಪಸ್ ಬಂದಿದ್ದೇನೆ. ಗಂಡನಿಗೆ ಅಂಗಡಿಗೆ ಹೋಗಿದ್ದೆ ಎಂದೆ. ಅವರು ನಂಬಿದ ಹಾಗೆ ಮಾಡಿದರು.

ಎಂಟು ತಿಂಗಳ ಮೇಲೆ ಮ್ಯೂಚುಯಲ್ ಅರ್ಜಿಗೆ ಅವಕಾಶ ಬಂತು. ಇಬ್ಬರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು, ಒಂದು ವಾರದ ಗಡುವು. ಬೆಂಗಳೂರಿನ ಕಂಡಕ್ಟರ್ ತನ್ನ ವಿಳಾಸ ತುಂಬಿದ ಹಾಳೆಯ ಫೋಟೊ ಕಳಿಸಿದ. ಊರಿನ ಹೆಸರು ಓದಿದೆ. ಅದೇ ಟೀ ಅಂಗಡಿಯ ಊರು.

ನಾಳೆ ಹೇಳಿದರಾಯಿತು ಎಂದು ಎರಡು ದಿನ ಮುಂದೂಡಿದೆ. ಮೂರನೆಯ ದಿನ ತಾಯಿಗೆ ಹೇಳಿದೆ. ಅವರಿಗೆ ಆಗಲೇ ಗೊತ್ತಿತ್ತು. "ನಮ್ ಮೈದುನನ ಮಗ ಕಣಮ್ಮ ಅವ್ನು. ಊರೆಲ್ಲಾ ಹೇಳ್ಕಂಡು ಬಂದವ್ರೆ, ನಮ್ ಬಸ್ಸಿಗೆ ನಮ್ ಹುಡ್ಗನೇ ಬತ್ತಾನೆ ಅಂತ." ಅಂದರೆ ಇನ್ನು ಡಬ್ಬಿ ಕೊಡಲು ಈ ಬಸ್ಸೂ ಇಲ್ಲ. ಆಮೇಲೆ, "ಒಳ್ಳೇದಾತು ಬಿಡಿ. ನಿಮ್ಮೂರಿಗೆ ನೀವ್ ಹೋಗ್ತೀರಿ" ಎಂದರು. ಅವತ್ತು ಅವರು ಕೂಸಿನ ಫೋಟೊ ಕೇಳಲಿಲ್ಲ. ನಾನೂ ತೋರಿಸುವುದನ್ನು ಮರೆತೆ.

ಆ ವಾರ ನಾನು ಮನುಷ್ಯಳಾಗಿರಲಿಲ್ಲ. ಅನ್ನ ಸೇರಲಿಲ್ಲ, ಪ್ರಯಾಣಿಕರ ಮೇಲೆಲ್ಲ ಹರಿಹಾಯ್ದೆ. ಬೇಡ ಅಂದುಬಿಡೋಣ ಎಂದು ಆ ಕಂಡಕ್ಟರಿಗೆ ಫೋನು ಮಾಡಿದೆ. ಅವನು ನನ್ನ ದನಿ ಕೇಳಿದ ತಕ್ಷಣ, "ಅಕ್ಕಾ, ರೂಮ್ ಖಾಲಿ ಮಾಡ್ತೀನಿ ಅಂತ ಹೇಳ್ಬಿಟ್ಟೆ. ಚಿಕ್ಕೋನು ಅಪ್ಪ ಎಂದ್ ಬತ್ತೀಯ ಅಂತ ದಿನಾ ಎಣಿಸ್ತಾವ್ನೆ" ಎಂದ. ನಾನು ಸುಮ್ಮನೆ ಆರೋಗ್ಯ ಕೇಳಿ ಇಟ್ಟೆ. ಗಡುವಿನ ಕೊನೆಯ ದಿನ ಸಹಿ ಹಾಕಿದೆ. ಅವನ ಮಕ್ಕಳ ಮುಖ ನೋಡಿ ಹಾಕಿದೆ ಎಂದು ಆಮೇಲೆ ಎಷ್ಟೋ ಜನರಿಗೆ ಹೇಳಿದ್ದೇನೆ. ಅದು ಸುಳ್ಳು. ನನಗೆ ಹೋಗಬೇಕಿತ್ತು, ಹಾಕಿದೆ.

ಆರ್ಡರು ತಿಂಗಳೊಳಗೆ ಬಂತು. ನನ್ನ ಕೊನೆಯ ಡ್ಯೂಟಿ ಒಂದು ಗುರುವಾರ. ಟೀ ಅಂಗಡಿಯ ಸ್ಟಾಪು ಹತ್ತಿರವಾಗುತ್ತಿದ್ದ ಹಾಗೆ ಮಾತು ಜೋಡಿಸತೊಡಗಿದೆ. ಏನು ಹೇಳಿ ಬೀಳ್ಕೊಳ್ಳುವುದು? ಹಿಂದಿನ ಬಾಗಿಲಿನಲ್ಲಿ ನಿಂತು ನೋಡಿದೆ. ಅವರು ಅಲ್ಲಿ ಇರಲಿಲ್ಲ.

ಅವರು ಮುಂದಿನ ಬಾಗಿಲಿನಿಂದ ಹತ್ತಿದ್ದರು. ಮದುವೆಗೆ ಉಡುವಂಥ ನೀಲಿ ಸೀರೆ, ತಲೆಗೆ ಎಣ್ಣೆ ಹಚ್ಚಿ ಬಾಚಿದ ಬೈತಲೆ. ಹೊರಗೆ ಬೆಂಚಿನ ಮೇಲೆ ಅವರ ಯಜಮಾನರು ಲೋಟ ಹಿಡಿದು ಕೂತಿದ್ದರು. ನಾನು ಜನರ ನಡುವೆ ಮುಂದಕ್ಕೆ ಹೋದೆ. ಯಾರಿಗೂ ಕೇಳಿಸದ ಹಾಗೆ, "ಎಲ್ಲಿಗೆ?" ಎಂದೆ.

ಅವರು ಆಧಾರ್ ಕಾರ್ಡು ಚಾಚಿ, ಇಡೀ ಬಸ್ಸಿಗೆ ಕೇಳುವ ಹಾಗೆ, "ತರೀಕೆರೆಗೆ" ಎಂದರು.

ಮುಂದಿನ ಸೀಟಿನಲ್ಲಿ ಕೂತಿದ್ದ ಅದೇ ಊರಿನ ಹಿರಿಯರು ತಲೆ ಎತ್ತಿದರು. "ತರೀಕೆರೇಲಿ ಯಾರವ್ರೆ ನಿಂಗೆ?"

"ನನ್ ಮಗ್ಳವ್ಳೆ. ಮೊಮ್ಮಗ ಅವ್ನೆ."

ಡ್ರೈವರಣ್ಣ ಕನ್ನಡಿಯಲ್ಲಿ ಒಂದು ಸಲ ಹಿಂದಕ್ಕೆ ನೋಡಿ, ನಾನು ಸೀಟಿ ಊದುವುದಕ್ಕೆ ಕಾಯದೆ ಗೇರು ಹಾಕಿದರು. ಕಿಟಕಿಯ ಆಚೆ ಯಜಮಾನರು ಬೆಂಚಿನಿಂದ ಎದ್ದು ನಿಂತದ್ದು ಕಾಣಿಸಿತು. ಬಸ್ಸು ಮುಂದಕ್ಕೆ ಹೋಯಿತು.

ನಾನು ಅವರ ಪಕ್ಕ ಬಗ್ಗಿ, "ಸಂಜೆ ವಾಪಸ್ ಹೋದರೆ ಮನೆಯಲ್ಲಿ ಏನಾದರೂ..." ಎಂದೆ.

"ಬಾಗ್ಲು ತಗೀದೆ ಇರ್ಬೋದು" ಎಂದರು ಅವರು. ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದರು. "ತಟ್ತೀನಿ. ಎಷ್ಟೊತ್ತು ತಗೀದೆ ಇರ್ತಾರೆ? ಮೂವತ್ತು ವರ್ಷ ಬಾಳಿದ ಮನೆ ಕಣಮ್ಮ, ಬಿಟ್ಟು ಎಲ್ಲಿಗ್ ಹೋಗ್ಲಿ?"

ನಾನು ಟಿಕೆಟ್ ಕೊಟ್ಟೆ. ಬೀರೂರಿನಲ್ಲಿ ಆ ಹೊತ್ತಿಗೆ ನನ್ನ ಗಂಡ ಶಾಲೆಗೆ ರಜೆ ಹಾಕಿ ನನ್ನ ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುತ್ತಿದ್ದರು. ಇರು ಎಂದು ಅವರು ಒಂದು ಸಲವೂ ಹೇಳಿರಲಿಲ್ಲ. ನಾನು ಹೋದರೆ ನಿಮಗೆ ಹೇಗಾಗುತ್ತದೆ ಎಂದು ನಾನೂ ಕೇಳಿರಲಿಲ್ಲ.